ಶ್ರಾವಣ ಶನಿವಾರಗಳಲ್ಲಿ ಹಿಡಿದುಕೊಂಡ ಚಕ್ರ

ನಮ್ಮೂರ ಆಂಜನೇಯಸ್ವಾಮಿ ಗುಡಿಯ ಅರ್ಚಕರು "ನಿಮಗಾದ ಅನುಭವ ಬರೆದುಕೊಡಿ, ನಾಲ್ಕು ಜನಕ್ಕೆ ಧೈರ್ಯ ಬರುತ್ತೆ" ಎಂದು ಹೇಳಿ ಮೂರು ತಿಂಗಳಾಯಿತು. ಬರೆಯಲು ಆಗಿರಲಿಲ್ಲ. ವಾರದಲ್ಲಿ ಮೂರು ದಿನ ಆಸ್ಪತ್ರೆ, ಉಳಿದ ದಿನ ಗಾಡಿ ಬಾಡಿಗೆ, ಮನೆಗೆ ಬಂದರೆ ಒಲೆಯ ಮುಂದೆಯೂ ನಾನೇ. ಕೂತರೆ ಏಳಲಾಗದಷ್ಟು ಸುಸ್ತು. ಇವತ್ತು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಹೊರಗೆ, ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ನನ್ನ ಹೆಂಡತಿ ಸರೋಜ ಮಲಗಿದ್ದಾಳೆ. ಅವಳು ಹೊರಗೆ ಬರಲು ಇನ್ನೂ ಮೂರು ಗಂಟೆ ಇದೆ. ತಪ್ಪಿದ್ದರೆ ಭಕ್ತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ದೊಡ್ಡಬಳ್ಳಾಪುರಕ್ಕೆ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿ. ನೇಕಾರರ ಮನೆ. ಸರೋಜ ಮದುವೆಯಾಗಿ ಬಂದ ಮೇಲೆ ಇಪ್ಪತ್ತೆಂಟು ವರ್ಷ ನಮ್ಮ ಪವರ್‌ಲೂಮ್ ಮಗ್ಗಗಳನ್ನು ಓಡಿಸಿದಳು. ನನಗಿಂತ ಅವಳಿಗೇ ಮಗ್ಗದ ಮರ್ಮ ಹೆಚ್ಚು ಗೊತ್ತು. ಎರಡು ವರ್ಷದ ಹಿಂದೆ ಅವಳ ಕಿಡ್ನಿ ಎರಡೂ ಕೈಕೊಟ್ಟವು. ನಾನೊಬ್ಬನೇ ಮಗ್ಗ ನೋಡಿಕೊಳ್ಳಲಾರದೆ ಮಾರಿ, ಹಳೆಯದೊಂದು ಪಿಕಪ್ ಗಾಡಿ ತೆಗೆದುಕೊಂಡೆ. ನೂಲು ತಂದುಕೊಡುವುದು, ಸೀರೆ ಗಂಟು ಅಂಗಡಿಗೆ ಮುಟ್ಟಿಸುವುದು, ಇದೇ ಈಗಿನ ಜೀವನ.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಅವಳ ಸರದಿ. ನಾಲ್ಕು ಗಂಟೆ ಯಂತ್ರಕ್ಕೆ ಹಾಕಿರಬೇಕು. ತಡವಾಗಿ ಹೋದರೆ ತಡವಾದಷ್ಟು ಹೊತ್ತು ಕಳೆದಂತೆಯೇ, ಏಕೆಂದರೆ ಹನ್ನೊಂದಕ್ಕೆ ಅದೇ ಹಾಸಿಗೆಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಮೊದಲು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಬರುವಾಗ ಅವಳಿಗೆ ತಲೆಸುತ್ತು, ವಾಂತಿ. ಜನ ಮೂಗು ಮುಚ್ಚಿಕೊಂಡು ಆ ಕಡೆ ತಿರುಗುತ್ತಿದ್ದರು. ಗಾಡಿ ಬಂದ ಮೇಲೆ ಅದೊಂದು ಸಂಕಟ ತಪ್ಪಿತು.

ಆದರೆ ಸರೋಜ ಮಾತು ಬಿಟ್ಟಳು. ಮಗ್ಗದ ಸದ್ದಿಗಿಂತ ಜೋರಾಗಿ ಮಾತಾಡಿ ಅಭ್ಯಾಸವಿದ್ದ ಹೆಂಗಸು, ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಹೊಸಕೋಟೆಗೆ ಮದುವೆ ಮಾಡಿಕೊಟ್ಟಿರುವ ಮಗಳು ಲತಾ ಫೋನಿನಲ್ಲಿ "ದೀಪಾವಳಿಗೆ ಬಾರಮ್ಮ" ಎಂದರೆ, "ಅಷ್ಟೊತ್ಗೆ ಯಾರಿರ್ತಾರೋ ಯಾರಿರಲ್ವೋ" ಎಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಅದನ್ನು ಕೇಳಿ ಕೇಳಿ ನನ್ನ ಎದೆ ಬತ್ತಿಹೋಯಿತು. ಕಳೆದ ಆಷಾಢದ ಕೊನೆಗೆ ಗುಡಿಗೆ ಹೋಗಿ ಹರಕೆ ಹೊತ್ತೆ. ಶ್ರಾವಣದ ನಾಲ್ಕು ಶನಿವಾರವೂ ಗಾಡಿಗೆ ಪೂಜೆ ಮಾಡಿ, ನಿಂಬೆಹಣ್ಣು ಒಡೆದು, ಸ್ವಾಮಿಯ ಹೆಸರಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅವಳಿಗೆ ಬದುಕುವ ಆಸೆ ಕೊಡು, ಅಷ್ಟೇ ಸಾಕು.

ಶನಿವಾರ ಆರಕ್ಕೆಲ್ಲ ಹೊರಡಬೇಕಾದ್ದರಿಂದ ಶುಕ್ರವಾರ ಸಂಜೆಯೇ ಎಲ್ಲ ಸಿದ್ಧ ಮಾಡಿಕೊಂಡೆ. ಪೈಪು ಹಿಡಿದು ಗಾಡಿಯನ್ನು ಮೇಲಿಂದ ಕೆಳಗಿನವರೆಗೆ, ಚಕ್ರದ ಸಂದಿಗೂ ನುಗ್ಗುವಂತೆ ತೊಳೆದೆ. ಅರಿಶಿನ, ಕುಂಕುಮ, ಹೂವು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಬೆಳಿಗ್ಗೆ ಕಾಯಿ ಒಡೆದು ಹೊರಟರೆ ಆಯಿತು.

ಮೊದಲನೇ ಶನಿವಾರ ಗಾಡಿ ಸ್ಟಾರ್ಟ್ ಮಾಡಿ ಗೇರ್ ಹಾಕಿದರೆ, ಹಿಂಭಾಗ ಕುಕ್ಕರಿಸಿತು, ಗುರುಗುಟ್ಟಿತು, ಒಂದು ಅಂಗುಲ ಮುಂದೆ ಹೋಗಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಹಿಂದಿನ ಎರಡೂ ಚಕ್ರ ಬಿಗಿಯಾಗಿ ಹಿಡಿದುಕೊಂಡಿದ್ದವು. ನಿಂಬೆಹಣ್ಣು ಇಟ್ಟಲ್ಲೇ ಇದ್ದವು. ಅಕ್ಕಪಕ್ಕದವರು ಬಂದು ಹಿಂದೆ ಮುಂದೆ ತಳ್ಳಿ, ಕೊನೆಗೆ ಢಬ್ ಎಂದು ಬಿಟ್ಟುಕೊಂಡಾಗ ಏಳೂವರೆ. ಆಸ್ಪತ್ರೆಯಲ್ಲಿ ಸಿಸ್ಟರ್, "ಹಿಂಗೆ ಲೇಟಾಗಿ ಬಂದ್ರೆ ಪೇಶೆಂಟ್‌ಗೇ ತೊಂದ್ರೆ ಅಲ್ವಾ ಅಂಕಲ್" ಎಂದರು. ಅವರದೇನು ತಪ್ಪು?

ಮಂಗಳವಾರ, ಗುರುವಾರ ಗಾಡಿ ಏನೂ ಆಗದ ಹಾಗೆ ಓಡಿತು. ಎರಡನೇ ಶನಿವಾರ ಮತ್ತೆ ಹಿಡಿದುಕೊಂಡಿತು. ಅವತ್ತು ಬಸ್ಸಿಗೆ ಓಡಿದೆವು. ಮಧ್ಯಾಹ್ನ ಮೆಕ್ಯಾನಿಕ್ ನಯಾಜ್‌ನನ್ನು ಮನೆಗೇ ಕರೆಸಿದೆ. ಅವನು ರಿವರ್ಸ್ ಗೇರ್‌ನಲ್ಲಿ ಒಂದು ಜಗ್ಗು ಜಗ್ಗಿದ, ಚಕ್ರ ಬಿಟ್ಟುಕೊಂಡಿತು. ಹಿಂದಿನ ಚಕ್ರಗಳ ಎರಡೂ ಬ್ರೇಕ್ ಡ್ರಮ್ ಬಿಚ್ಚಿ, ಒಳಗಿನ ಧೂಳು ಒರೆಸಿ, ಹಳೆಯ ಬ್ರೇಕ್ ಲೈನರ್ ತೆಗೆದು ಹೊಸದು ಹಾಕಿದ. ಸ್ಪ್ರಿಂಗನ್ನೂ ಬದಲಿಸಿದ.

"ಅಣ್ಣ, ಹ್ಯಾಂಡ್ ಬ್ರೇಕ್ ಎಳ್ದು ನಿಲ್ಲಿಸ್ತೀರಾ?" ಎಂದು ಕೇಳಿದ.

"ಇಲ್ಲಪ್ಪ, ನಾನು ಅದನ್ನ ಮುಟ್ಟೋದೇ ಇಲ್ಲ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡ್ತೀನಿ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಹೊತ್ತಿಗೆ ನನಗೆ ಅದೇ ನಿಜವಾಗಿತ್ತು. ಪೂಜೆ ವಿಷಯವನ್ನು ಅವನ ಹತ್ತಿರ ಎತ್ತಲೂ ಇಲ್ಲ.

ಮೂರನೇ ಶನಿವಾರ, ಹೊಸ ಲೈನರ್ ಹಾಕಿದ ಗಾಡಿಯೂ ಹಿಡಿದುಕೊಂಡಿತು. ಗಾಯದ ಮೇಲೆ ಬರೆ. ನಾನು ಬಸ್ಸಿಗೆ ಹೊರಡೋಣ ಎಂದರೆ ಸರೋಜ ಸೀಟಿನಿಂದ ಇಳಿದು, ಒಡೆಯದೆ ಬಿದ್ದಿದ್ದ ನಿಂಬೆಹಣ್ಣನ್ನು ನೋಡಿಕೊಂಡು ನಿಂತಳು.

"ನಾನು ಬರಲ್ಲ ಕಣ್ರೀ."

"ಯಾಕೇ? ಬಸ್ಸಿದೆಯಲ್ಲ?"

"ಬೇರೆ ದಿನ ಎಲ್ಲ ಓಡೋ ಗಾಡಿ ಸ್ವಾಮಿ ವಾರದ ದಿನ ಮಾತ್ರ ನಿಲ್ಲುತ್ತೆ ಅಂದ್ರೆ ಏನರ್ಥ? ಅವನೇ ಬೇಡ ಅಂತಿದಾನೆ. ನೀವ್ಯಾಕೆ ನನ್ನ ಎಳ್ಕೊಂಡ್ ಹೋಗ್ತೀರಿ? ನನಗೂ ಸಾಕಾಗಿದೆ. ನಿಮ್ಮುಖ ನೋಡಿದ್ರೆ ನಿಮಗೂ ಸಾಕಾಗಿದೆ."

ಅವಳು ಹೇಳಿದ ಕೊನೆಯ ಮಾತು ಸುಳ್ಳಲ್ಲ. ಅವತ್ತು ಅವಳು ಹೋಗಲೇ ಇಲ್ಲ. ಭಾನುವಾರದ ಹೊತ್ತಿಗೆ ಮುಖ, ಕಾಲು ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದಳು. ಸೋಮವಾರ ಲತಾ ಹೊಸಕೋಟೆಯಿಂದ ಓಡಿಬಂದು ಅವಳ ಕಾಲು ಹಿಡಿದು ಅತ್ತ ಮೇಲೆ ಮಂಗಳವಾರ ಗಾಡಿ ಹತ್ತಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಿಧಾನವಾಗಿ ಹೇಳಿದಳು:

"ಇನ್ನೊಂದು ಶನಿವಾರ ನೋಡ್ತೀನಿ. ಹರಕೆ ಅಲ್ಲಿಗೆ ಮುಗೀತದಲ್ಲ. ಅವತ್ತೂ ಗಾಡಿ ಬಿಡ್ಲಿಲ್ಲ ಅಂದ್ರೆ, ಆಮೇಲೆ ನನ್ನ ಯಾರೂ ಕರೀಬಾರ್ದು. ಲತಂಗೂ ಹೇಳ್ಬಿಡಿ."

ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರು. ಬೆರಳಲ್ಲಿ ಎಣಿಸುವಷ್ಟು.

ಭಕ್ತರೇ, ಆ ಶುಕ್ರವಾರ ಗುಡಿಯಲ್ಲಿ ಕೂತು ನಾನು ಬೇಡಿಕೊಂಡಷ್ಟು ಜೀವಮಾನದಲ್ಲಿ ಬೇಡಿಲ್ಲ. ಪೂಜೆ ಕೈಬಿಡೋಣವೇ ಎಂದು ಮನಸ್ಸು ಹೊಯ್ದಾಡಿತು. ಹೊತ್ತ ಹರಕೆ ಬಿಟ್ಟರೆ ಇನ್ನೇನು ಕಾದಿದೆಯೋ ಎಂಬ ಭಯ. ನನ್ನ ಪೂಜೆಯಲ್ಲೇ ಏನೋ ಕಡಿಮೆಯಾಗಿದೆ ಅಂದುಕೊಂಡೆ. ಮನೆಗೆ ಬಂದು ಎಂದಿಗಿಂತ ಎರಡರಷ್ಟು ನೀರು ಹೊಡೆದು ತೊಳೆದೆ. ನಮ್ಮ ಅಂಗಳ ಬೀದಿ ಕಡೆಗೆ ಇಳಿಜಾರು. ಬೇರೆ ದಿನವಾದರೆ ಕಲ್ಲು ಕೊಡುತ್ತೇನೆ. ಪೂಜೆ ಮಾಡಿದ ಚಕ್ರಕ್ಕೆ ಕಲ್ಲು ಕೊಡಬಾರದು, ಗಾಡಿ ಜರುಗಿ ನಿಂಬೆಹಣ್ಣು ಹೊತ್ತಿಗೆ ಮುಂಚೆ ಒಡೆಯಲೂಬಾರದು. ಅದಕ್ಕೆ ಮೂರು ಶುಕ್ರವಾರ ಮಾಡಿದಂತೆ ಅಂದೂ ಹ್ಯಾಂಡ್ ಬ್ರೇಕ್ ಎಳೆದೆ. ಅಂದು ಎರಡೂ ಕೈಯಲ್ಲಿ ಎಳೆದೆ. ನನ್ನ ಲೆಕ್ಕದಲ್ಲಿ ಅದು ಅರಿಶಿನ ಕುಂಕುಮದ ಹಾಗೆ ಪೂಜೆಯ ಒಂದು ಭಾಗ. ನಯಾಜ್ ಕೇಳಿದಾಗ ನೆನಪಾಗದಿದ್ದದ್ದು ಇದಕ್ಕೇ.

ಶನಿವಾರ ಬೆಳಿಗ್ಗೆ ಸಣ್ಣಗೆ ಸೋನೆ. ಕಾಯಿ ಒಡೆದು, ಕರ್ಪೂರ ಹಚ್ಚಿ, ಗಾಡಿ ಹತ್ತಿದೆ. ಸರೋಜ ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಬ್ರೇಕಿನ ಹಿಡಿ ಕೆಳಗಿಳಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟೆ. ಗಾಡಿ ಕುಕ್ಕರಿಸಿತು. ಇನ್ನೊಮ್ಮೆ ಮಾಡಿದೆ. ಎಂಜಿನ್ ಆಫ್ ಆಯಿತು.

ನಾನು ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅತ್ತಿದ್ದಷ್ಟೇ ಅಲ್ಲ, ಬೈದೆ. "ಏನಪ್ಪಾ ಹನುಮಂತ, ಬೆಟ್ಟ ಎತ್ತಿದೋನು ಅಂತಾರೆ ನಿನ್ನ. ಒಂದು ಚಕ್ರ ತಿರುಗಿಸೋಕೆ ಆಗಲ್ವಾ ನಿನ್ ಕೈಲಿ?" ಆ ಪಾಪಕ್ಕೆ ಆಮೇಲೆ ತಪ್ಪುಕಾಣಿಕೆ ಹಾಕಿದ್ದೇನೆ.

ಸರೋಜ ಇಳಿದು ಒಳಗೆ ಹೋಗುತ್ತಾಳೆ, ಮುಗಿಯಿತು ಅಂದುಕೊಂಡೆ. ಆಗ ಕೇಳಿದಳು:

"ಅದೇನದು, ಈಗ ಕೆಳಗಿಳಿಸಿದ್ರಲ್ಲ?"

"ಹ್ಯಾಂಡ್ ಬ್ರೇಕು."

"ಮಂಗಳವಾರ, ಗುರುವಾರ ಅದನ್ನ ಮುಟ್ಟಲ್ಲ ನೀವು."

"ಪೂಜೆ ದಿನ ಮಾತ್ರ. ನಿಂಬೆಹಣ್ಣು ಒಡೀಬಾರ್ದಲ್ಲ ಅಂತ."

ಅವಳು ನನ್ನ ಕಡೆ ಪೂರ್ತಿ ತಿರುಗಿದಳು. "ನೀರು ಹುಯ್ದು, ಒದ್ದೆ ಬ್ರೇಕು ಬಿಗಿ ಹಿಡಿಸಿ ಬೆಳಗಾನ ಬಿಟ್ರಾ? ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಮಗ್ಗ ಓಡಿಸಿದ ಮನೆಯೋರೇನ್ರೀ ನೀವು? ಮಳೆಗಾಲದಲ್ಲಿ ಸೂರು ಸೋರಿ ಮೂಲೆ ಮಗ್ಗದ ಬ್ರೇಕು ಡ್ರಮ್ಮಿಗೆ ಕಚ್ಕೊತಿರ್ಲಿಲ್ವಾ? ದಿನಾ ಬೆಳಿಗ್ಗೆ ಸುತ್ತಿಗೆ ತಗೊಂಡು ಬಿಡಿಸ್ತಿದ್ದೋಳು ನಾನು. ನೀವು ಕಾಫಿ ಕುಡೀತಾ ನೋಡ್ತಿದ್ರಿ!"

ಎರಡು ವರ್ಷದಲ್ಲಿ ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಬೈಸಿಕೊಳ್ಳುತ್ತಿದ್ದರೂ ಕಿವಿಗೆ ಹಿತವಾಗಿತ್ತು.

ಮಗ್ಗದ ಕೊಟ್ಟಿಗೆಗೆ ಹೋಗಿ ಹಳೆಯ ಸುತ್ತಿಗೆ ಹುಡುಕಿ ತಂದವಳೂ ಅವಳೇ. ಎಡಗೈಗೆ ಡಯಾಲಿಸಿಸ್ ಸೂಜಿ ಹಾಕುವುದರಿಂದ ಆ ಕೈಯಲ್ಲಿ ಭಾರ ಹಿಡಿಯುವಂತಿಲ್ಲ, ಬಲಗೈಯಲ್ಲಿ ಹಿಡಿದಿದ್ದಳು. ನಾನು ಗಾಡಿಯ ಕೆಳಗೆ ನುಗ್ಗಲು ಹೋದರೆ ಗದರಿಸಿದಳು.

"ಮೊದ್ಲು ಕಲ್ಲು ಕೊಡ್ರೀ! ಚಕ್ರ ಬಿಟ್ಕೊಂಡ್ರೆ ಗಾಡಿ ನಿಮ್ಮೇಲೇ ಹೋಗುತ್ತೆ."

"ಪೂಜೆ ಮಾಡಿರೋ ಚಕ್ರ ಕಣೇ."

"ನಿಂಬೆಹಣ್ಣು ಗಾಡಿ ನಿಲ್ಲಿಸುತ್ತಾ?" ಎಂದು ಮುಂದಿನ ಚಕ್ರಗಳ ನಿಂಬೆಹಣ್ಣನ್ನು ತಾನೇ ಎತ್ತಿ, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಆ ಜಾಗದಲ್ಲಿ ಕಲ್ಲು ಇಟ್ಟು, ಕೆಳಗೆ ತೂರಿದೆ. "ನಡುವೆ ಬೇಡ, ಡ್ರಮ್ಮಿನ ಅಂಚಿಗೆ ಹೊಡೀರಿ. ಸುತ್ತ ಸುತ್ತ ಹೊಡೀರಿ. ಮೆಲ್ಲಗೆ" ಎಂದು ಅವಳು ಮೇಲಿಂದ ಹೇಳುತ್ತಾ ಹೋದಳು. ಮೊದಲು ಸದ್ದು ಮೊದ್ದಾಗಿತ್ತು. ಏಳೆಂಟು ಏಟಿನ ಮೇಲೆ ಒಳಗೆ ಏನೋ ಟಪ್ ಎಂದಿತು. ಆಮೇಲಿನ ಏಟಿಗೆ ಡ್ರಮ್ಮು ಟಣ್ ಎಂದಿತು. "ಬಿಡ್ತು, ಬಿಡ್ತು. ಇನ್ನೊಂದಕ್ಕೆ ಹೋಗಿ" ಎಂದಳು.

ಎರಡೂ ಬಿಟ್ಟವು. ನಾನು ಕೆಸರು ಮೈಯಲ್ಲೇ ಹತ್ತಿ ಕೂತೆ. ಅವಳು ನನ್ನ ಕೈಲಿ ಬ್ರೇಕ್ ತುಳಿಸಿ, ಕಲ್ಲು ತೆಗೆದು, ಸೆರಗು ಬಿಚ್ಚಿ ನಿಂಬೆಹಣ್ಣನ್ನು ಮತ್ತೆ ಚಕ್ರದ ಮುಂದಿಟ್ಟು, ಉಸ್ಸೆಂದು ಪಕ್ಕದಲ್ಲಿ ಬಂದು ಕೂತಳು. ಗಾಡಿ ಜರುಗಿತು. ನಾಲ್ಕೂ ನಿಂಬೆಹಣ್ಣು ಪಚಕ್ಕನೆ ಒಡೆದವು. ನಾವಿಬ್ಬರೂ ಒಟ್ಟಿಗೆ "ಜೈ ಆಂಜನೇಯ" ಎಂದೆವು. ಆಸ್ಪತ್ರೆಗೆ ಹೋದಾಗ ಏಳೂ ಹತ್ತು.

ಹಿಂದಿರುಗಿ ಬರುವಾಗ ಅವಳು ಎಂದಿನಂತೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಮುಖ ಬಿಳಿಚಿಕೊಂಡಿತ್ತು. ನಿದ್ದೆ ಬಂದಿದೆ ಅಂದುಕೊಂಡು ಮೆಲ್ಲಗೆ ಓಡಿಸುತ್ತಿದ್ದೆ. ನಮ್ಮೂರ ಕೆರೆ ಏರಿಯ ಹತ್ತಿರ ಬಂದಾಗ ಕಣ್ಣು ಬಿಡದೆಯೇ ಹೇಳಿದಳು:

"ರೀ, ಮುಂದಿನ ಶ್ರಾವಣಕ್ಕೆ ಹಿಂದಿನ ದಿನ ತೊಳೀಬೇಡಿ. ಬೆಳಿಗ್ಗೆನೇ ತೊಳ್ದು, ಇಲ್ಲಿ ತನಕ ಬ್ರೇಕ್ ತುಳ್ಕೊಂಡು ಒಂದ್ಸಲ ಬಂದು ಹೋಗಿ. ಒಣಗುತ್ತೆ. ಅಷ್ಟೊತ್ಗೆ ನಾನು ಹೂವು ಕಟ್ಟಿರ್ತೀನಿ."

ನಾನು ಗಾಡಿಯನ್ನು ಏರಿಯ ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. "ಯಾಕೆ ನಿಲ್ಲಿಸಿದ್ರಿ? ಮತ್ತೆ ಹಿಡ್ಕೊಳ್ತಾ?" ಎಂದು ಗಾಬರಿಯಿಂದ ಕಣ್ಣು ಬಿಟ್ಟಳು. ಇಲ್ಲ ಎಂದು ತಲೆ ಆಡಿಸಿದೆ.

ಭಕ್ತರೇ, ಅವಳ ಕಾಯಿಲೆ ವಾಸಿಯಾಗಿಲ್ಲ, ನನ್ನ ಸುಸ್ತೂ ಹೋಗಿಲ್ಲ. ಅವಳ ಹತ್ತಿರ ಇದು ಸ್ವಾಮಿಯ ಕೃಪೆ ಅಂದರೆ, "ಸ್ವಾಮಿಗೆ ಬೇರೆ ಕೆಲ್ಸ ಇಲ್ವಾ, ನಿಮ್ಮ ಪೆದ್ದತನ ರಿಪೇರಿ ಮಾಡ್ತಾ ಕೂರೋಕೆ" ಎನ್ನುತ್ತಾಳೆ. ಅನ್ನಲಿ. ಹರಕೆ ಹೊತ್ತು ನಾನು ಬೇಡಿದ್ದು ಏನೆಂದು ನನಗೂ ಸ್ವಾಮಿಗೂ ಮಾತ್ರ ಗೊತ್ತಿತ್ತು. ದೀಪಾವಳಿಗೆ ಹೊಸಕೋಟೆಗೆ ಹೋಗಿ ಬಂದೆವು. ವಾರ್ಡಿನ ಬಾಗಿಲು ತೆಗೆಯುತ್ತಿದ್ದಾರೆ, ಸಿಸ್ಟರ್ ಕರೆಯುತ್ತಿದ್ದಾರೆ. ಮುಂದಿನ ಶ್ರಾವಣದ ಮೊದಲ ಶನಿವಾರ ಗುಡಿಗೆ ಬಂದರೆ ನೀವೇ ನೋಡಬಹುದು, ಸ್ವಾಮಿಯ ಕೊರಳಲ್ಲಿ ಸರೋಜ ಕಟ್ಟಿದ ಹೂವು ಇರುತ್ತದೆ.