ಉಲೋಮಾ ಆರಿಸಿದ ಫೋಟೋ

ಉಲೋಮಾಳಂಥ ಅಂಜುಬುರುಕಿಯನ್ನು ಈ ಆಬಾ ಪಟ್ಟಣದಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ, ತಾನು ಉಲೋಮಾ ಎಂದು ಒಪ್ಪಿಕೊಳ್ಳುವುದಕ್ಕೇ ಹಿಂದೆಮುಂದೆ ನೋಡುತ್ತಾಳೆ. ಮಗಳು ಹುಟ್ಟುಹಬ್ಬದ ಕೇಕ್ ಕತ್ತರಿಸುವಾಗ ಯಾರಾದರೂ ಮೊಬೈಲ್ ಎತ್ತಿದರೆ ಅಡ್ಡ ಬಂದು ನಿಲ್ಲುತ್ತಾಳೆ.

"ಏನೇ, ಮಗೂಗೆ ದೃಷ್ಟಿಯಾಗುತ್ತಾ?" ಅಂತ ನಾನು ರೇಗಿಸುತ್ತಿದ್ದೆ.

"ದೃಷ್ಟಿಯಾದ್ರೆ ಪ್ರಾರ್ಥನೆ ಮಾಡೋಕೆ ಪಾದ್ರಿ ಇದ್ದಾರೆ, ದಾ. ಎತ್ತಿ ವ್ಯಾನಿಗೆ ಹಾಕ್ಕೊಂಡು ಹೋದ್ರೆ ಯಾರಿದ್ದಾರೆ?" ಅನ್ನುತ್ತಿದ್ದಳು. ನಮ್ಮಲ್ಲಿ ಅಕ್ಕನಂಥವರು ದಾ, ಅಣ್ಣನಂಥವರು ದೇದೆ.

ಇಂಥವಳ ಹೊಟ್ಟೆಪಾಡು ಏನು ಗೊತ್ತೇ? ಬೇರೆಯವರನ್ನು ಲೋಕಕ್ಕೆಲ್ಲ ತೋರಿಸುವುದು. ಹೊಸದಾಗಿ ವೆಬ್‌ಸೈಟ್ ಮಾಡಿಸುವ ವ್ಯಾಪಾರಸ್ಥರು ಮೊದಲು ಅವಳ ಹತ್ತಿರ ಬರುತ್ತಾರೆ. ಯಾವ ಪುಟದಲ್ಲಿ ಏನಿರಬೇಕು, ಯಾವ ಚಿತ್ರದ ಕೆಳಗೆ ಯಾವ ಮಾತು ಬರಬೇಕು ಎಂಬುದೆಲ್ಲ ಅವಳ ಲೆಕ್ಕಾಚಾರ. ಅಂಗಡಿಯವರ ಹಳೆಯ ಫೇಸ್‌ಬುಕ್ ಚಿತ್ರ, ಕರಪತ್ರ, ಜಾಹೀರಾತು ಎಲ್ಲವನ್ನೂ ಹರವಿಕೊಂಡು ಕೂತು ಒಂದೊಂದಕ್ಕೂ 'ಇರಲಿ', 'ತಿದ್ದು', 'ತೆಗಿ' ಎಂದು ತೀರ್ಪು ಕೊಡುತ್ತಾಳೆ. ಪ್ರತಿ ಪುಟವನ್ನೂ ಎರಡು ಸಲ ಓದುವುದು ಅವಳ ಪದ್ಧತಿ. ಮೊದಲು ಗಿರಾಕಿಯ ಹಾಗೆ, ಆಮೇಲೆ ಕಳ್ಳನ ಹಾಗೆ. ಇದನ್ನು ಯಾವ ಕಾಲೇಜಿನಲ್ಲೂ ಅವಳಿಗೆ ಕಲಿಸಿರಲಿಲ್ಲ. ಅವಳ ಚಿಕ್ಕಪ್ಪ ಹೊಸ ಮನೆ ಕಟ್ಟಿ, ಒಕ್ಕಲಾದ ದಿನದ ಚಿತ್ರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದ ವಾರವೇ ದುಡ್ಡಿನಾಸೆಗೆ ಯಾರೋ ಅವರನ್ನು ಎತ್ತಿಕೊಂಡು ಹೋದರು. ಆ ಮನೆಯನ್ನೇ ಮಾರಿ ಬಿಡಿಸಿಕೊಳ್ಳಬೇಕಾಯಿತು. ವಾಪಸು ಬಂದ ಮನುಷ್ಯ ಆಮೇಲೆ ಬಾಯಿ ಬಿಟ್ಟು ಮಾತಾಡಿದ್ದೇ ಕಡಿಮೆ.

ನನ್ನದು ಶೂ ತಯಾರಿಸುವವರ ಸಾಲಿನಲ್ಲಿ ಅಂಟು, ಅಟ್ಟೆ ಮಾರುವ ಸಣ್ಣ ಅಂಗಡಿ. ಪಕ್ಕದ ದೊಡ್ಡ ಕಾರ್ಖಾನೆ ಇರೊಹಾನದು. ಕೆಲಸದವರಿಗೆಲ್ಲ ಅವನು ಓಗಾ, ಅಂದರೆ ಧಣಿ. ದಲ್ಲಾಳಿಗಳ ಕಾಟವಿಲ್ಲದೆ ಗಡಿಯಾಚೆಯ ಡುವಾಲಾ, ಅಕ್ರಾ ಕಡೆಯ ಗಿರಾಕಿಗಳಿಗೆ ನೇರ ಮಾರಬೇಕೆಂದು ಅವನು ವೆಬ್‌ಸೈಟಿಗೆ ಕೈಹಾಕಿದ. ನಮ್ಮ ಉಲೋಮಾ ಸಿಕ್ಕಳು. ಇಬ್ಬರೂ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಸುಟ್ಟ ಜೋಳ ತಿನ್ನುತ್ತ ಪರಿಶೀಲನೆಗೆ ಕೂತರು.

"ಇದು ಹಳ್ಳೀಲಿ ಕಟ್ಟಿಸಿರೋ ಬಂಗಲೆ. ದೊಡ್ಡದಾಗಿ ಹಾಕು," ಅಂದ ಇರೊಹಾ.

"ತೆಗೀಬೇಕು, ಓಗಾ."

"ಮಗಳ ಮದುವೆ?"

"ತೆಗೀಬೇಕು."

"ನಂಗೆ ಬಿರುದು ಕೊಟ್ಟು ಕೆಂಪು ಟೋಪಿ ತೊಡಿಸಿದ್ದು? ಅದೂ ಬೇಡ್ವಾ? ಕಾರೂ ಬೇಡ, ಮುಖಾನೂ ಬೇಡ! ದೆವ್ವದ ಅಂಗಡಿ ಅಂತ ಬೋರ್ಡ್ ಬರೆಸ್ಲಾ?"

"ಅಟ್ಟೆ ಮೇಲೆ 'ಇಟಲಿಯಲ್ಲಿ ತಯಾರಾದದ್ದು' ಅಂತ ಮುದ್ರೆ ಇದ್ಯಲ್ಲ, ಆ ಚಿತ್ರಗಳನ್ನೂ ತೆಗೀಬೇಕು, ಓಗಾ."

ನನಗೆ ನಗು ತಡೆಯಲಾಗಲಿಲ್ಲ. ಇರೊಹಾ ಜೋಳದ ದಿಂಡನ್ನು ಚರಂಡಿಗೆ ಎಸೆದು ಎದ್ದು ನಿಂತ. ಆದರೆ ಅವನ ಒಂದು ಮಾತು ನ್ಯಾಯವಾದದ್ದೇ. "ನೋಡಮ್ಮ, ಡುವಾಲಾದವನು ನನ್ನನ್ನ ಕಂಡಿಲ್ಲ. ಒಂದು ಮುಖಾನಾದ್ರೂ ನೋಡದೆ ಮುಂಗಡ ಯಾಕೆ ಕಳಿಸ್ತಾನೆ?"

ಉಲೋಮಾ ಕಾರ್ಖಾನೆಯ ಒಳಗೆ ನೋಡಿದಳು. ಅಲ್ಲಿ ದೇದೆ ನ್ವೋಗು ತೊಗಲು ಕತ್ತರಿಸುತ್ತಿದ್ದರು. ಇರೊಹಾನ ಬಳಿ ತಲೆ ನರೆಯುವಷ್ಟು ಕಾಲ ದುಡಿದ ಮನುಷ್ಯ. ಮಳೆ ಬಂದರೆ ಸೋರುವ ಒಂದು ಕೋಣೆ, ಒಬ್ಬಳು ಹೆಂಡತಿ, ಅಷ್ಟೇ ಅವರ ಆಸ್ತಿ. ಎತ್ತಿಕೊಂಡು ಹೋಗಲು ಇವರಲ್ಲಿ ಏನಿದೆ? ಶೂ ಮಾಡುವ ಕೈಯ ಮುಖವನ್ನೇ ತೋರಿಸೋಣ ಎಂದಳು ಉಲೋಮಾ. ಎಲ್ಲರಿಗೂ ಸರಿ ಎನ್ನಿಸಿತು.

ಫೋಟೋ ತೆಗೆಯುವ ದಿನ ದೇದೆಯನ್ನು ನೋಡಿ ನಮ್ಮ ಸಾಲಿಗೆ ಸಾಲೇ ಹೋ ಎಂದಿತು. ಲೋಕವೆಲ್ಲ ನೋಡುವ ಫೋಟೋಕ್ಕೆ ನಮ್ಮ ಪೈಕಿ ಯಾರಾದರೂ ಅಂಟು ಮೆತ್ತಿದ ಬಟ್ಟೆಯಲ್ಲಿ ಬರುತ್ತಾರೆಯೇ? ಪಾಸ್‌ಪೋರ್ಟ್ ಫೋಟೋಕ್ಕೂ ಕೋಟು ಎರವಲು ತರುವ ಜನ ನಾವು. ದೇದೆ ಭಾವಮೈದುನನಿಂದ ಬಿರುದಿನವರು ತೊಡುವ ಸಿಂಹದ ತಲೆಗಳ ಅಚ್ಚಿನ ಅಂಗಿ, ಹವಳದ ಸರ, ಕೆಂಪು ಟೋಪಿ ತಂದು ತೊಟ್ಟಿದ್ದರು. ಆ ಠೀವಿಗೆ ಮಣಿದ ಫೋಟೋದವನು ಅವರನ್ನು ಓಗಾನ ದೊಡ್ಡ ಕುರ್ಚಿಯಲ್ಲಿ ಕೂರಿಸಿದ. "ಹೇಗಿದ್ದೀನಿ, ತಾಯಿ?" ಅಂತ ದೇದೆ ಉಲೋಮಾಳನ್ನು ಕೇಳಿದರು. ಅವಳು ಬಾಗಿ ಕಾಲು ಮುಟ್ಟುವ ಆಟ ಆಡಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಚಿತ್ರದ ಕೆಳಗೆ 'ಈ ಸಂಸ್ಥೆಯ ಹಿರಿಯರು' ಎಂದು ಬರೆದಳು. ರೂಢಿಯಂತೆ ಎರಡು ಸಲ ಓದಿದಳು. ಕಳ್ಳನ ಹಾಗೆ ಓದಿದಾಗಲೂ ಅವಳಿಗೆ ಕಂಡದ್ದು ನನ್ನ ಅಂಗಡಿಯಲ್ಲಿ ಡಬ್ಬದ ತಳದ ಅಂಟು ಕೇಳಿ ಪಡೆಯುವ ನ್ವೋಗುವೇ. ನಮಗೆ ಆ ಮನುಷ್ಯ ಗೊತ್ತಿದ್ದ. ಕಳ್ಳನಿಗೆ ಗೊತ್ತಿರಲಿಲ್ಲ. ಅಷ್ಟು ಸಣ್ಣ ವಿಷಯ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವೆಬ್‌ಸೈಟ್ ಶುರುವಾದ ಮೇಲೆ ಒಂದು ಬೆಳಿಗ್ಗೆ ದೇದೆ ಕೆಲಸಕ್ಕೆ ಬರಲಿಲ್ಲ. ಬಸ್ಸಿಳಿದು ಬರುವ ದಾರಿಯಲ್ಲಿ ಯಾರೋ ಅವರನ್ನು ವ್ಯಾನಿಗೆ ತಳ್ಳಿದ್ದನ್ನು ಬಾಳೆಹಣ್ಣು ಮಾರುವವಳು ನೋಡಿದ್ದಳಂತೆ. ನಾವು ನಂಬಲಿಲ್ಲ, ಆ ಬಡಪಾಯಿಯನ್ನು ಯಾರು ಒಯ್ಯುತ್ತಾರೆ? ಮಧ್ಯಾಹ್ನ ವೆಬ್‌ಸೈಟಿನಲ್ಲಿ ಕೊಟ್ಟಿದ್ದ ನಂಬರಿನ ಫೋನ್ ಬಡಿದುಕೊಂಡಿತು. ಗಿರಾಕಿಗಳು ಏನೇನು ಕೇಳುತ್ತಾರೆ ತಿಳಿಯಲೆಂದು ಅದನ್ನು ಉಲೋಮಾಳೇ ಇಟ್ಟುಕೊಂಡಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಒಂದೊಂದು ಮಾತೂ ಕೇಳಿಸಿತು.

"ನಿಮ್ಮ ಚೇರ್‌ಮನ್ ನಮ್ಮ ಹತ್ರ ಇದ್ದಾನೆ."

"ಯಾವ ಚೇರ್‌ಮನ್?"

"ನಿಮ್ಮ ವೆಬ್‌ಸೈಟಲ್ಲಿ ಟೋಪಿ ಹಾಕ್ಕೊಂಡು ಕೂತಿದ್ದಾನಲ್ಲ, ಅವನೇ. ತಾನು ಕೂಲಿಯವನು ಅಂತಾನೆ ಮುದುಕ. ನಿಜವಾ? ನಿಜ ಆಗಿದ್ರೆ ಈಗ್ಲೇ ಹೇಳ್ಬಿಡು. ಕೂಲಿಯವನನ್ನ ಇಟ್ಕೊಂಡು ಅನ್ನ ಹಾಕೋಕೆ ನಮಗೇನು ಹುಚ್ಚಾ?"

ನಿಜ ಹೇಳಿದರೆ ಬಿಟ್ಟು ಕಳಿಸುತ್ತಾರೆಯೇ, ಪೊದೆಯಲ್ಲಿ ಮುಗಿಸಿ ಎಸೆಯುತ್ತಾರೆಯೇ? ಉಲೋಮಾ ನನ್ನ ಕಡೆ ನೋಡಿದಳು.

"ಅವ್ರು ಸುಳ್ಳು ಹೇಳ್ತಿದ್ದಾರೆ. ಅವ್ರೇ ನಮ್ಮ ಚೇರ್‌ಮನ್. ದಯವಿಟ್ಟು ಹೊಡೀಬೇಡಿ," ಅಂದಳು. ಫೋನ್ ಇಟ್ಟವಳೇ ಪಕ್ಕದ ಕಾರ್ಖಾನೆಗೆ ಓಡಿದಳು.

ಸುದ್ದಿ ಕೇಳಿದ ಇರೊಹಾ ಮೊದಲು ತನ್ನ ಕತ್ತು ಸವರಿಕೊಂಡ. ಆಮೇಲೆ, "ಆ ಪುಟ ಮುಟ್ಟಬೇಡ," ಅಂದ. ಅದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಪುಟದಲ್ಲಿ ದೇದೆ ಧಣಿಯಾಗಿರುವಷ್ಟು ಹೊತ್ತು ಅಲ್ಲಿ ಅವರ ಜೀವಕ್ಕೆ ಬೆಲೆ. ಅವಳು ಘಳಿಗೆಗೊಮ್ಮೆ ಪುಟ ತೆರೆದು ನೋಡುತ್ತಿದ್ದಳು. ಒಂದು ಸಂಜೆ ವೆಬ್‌ಸೈಟ್ ಕೆಟ್ಟು ಬರೀ ಬಿಳಿ ಪರದೆ ಬಂದಾಗ, ದೇದೆ ಸತ್ತೇಹೋದರೆಂಬಂತೆ ಕಿರುಚಿದಳು. ಪುಟ ಮತ್ತೆ ಬರುವ ತನಕ ಪರದೆಯನ್ನು ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು.

ದೇದೆಯ ಹೆಂಡತಿ ಕಾರ್ಖಾನೆಯ ಹೊಸ್ತಿಲಲ್ಲಿ ಕೂತವಳು ಏಳಲಿಲ್ಲ. ದೇದೆಯನ್ನು ಬಿಡಲು ಅವರು ಕೇಳಿದ್ದ ಹಣಕ್ಕೆ ಇರೊಹಾ ನಾಳೆ ನಾಡಿದ್ದು ಎಂದು ಎಳೆದಾಡಿದ. ನನಗೆ ತಡೆಯಲಾಗಲಿಲ್ಲ. "ಅಲ್ಲಿ ಕೂತಿರ್ಬೇಕಾಗಿದ್ದು ನೀನು ಕಣೋ! ನಿನ್ನ ಕುರ್ಚೀಲಿ ಕೂತಿದ್ದಕ್ಕೆ ದೇದೆ ಹೋಗಿರೋದು," ಅಂತ ಇಡೀ ಸಾಲಿಗೆ ಕೇಳುವಂತೆ ಕೂಗಿದೆ. ಅಕ್ಕಪಕ್ಕದವರೂ ದನಿಗೂಡಿಸಿದರು. ಕೊನೆಗೆ ಅವನು ಕಾರು ಮಾರಿ ಅವರು ಕೇಳಿದ್ದನ್ನು ಕೊಟ್ಟ.

ದೇದೆಯನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟು ಹೋದರು. ಕಾಲಲ್ಲಿ ಚಪ್ಪಲಿಯಿಲ್ಲದೆ, ಕುಂಟುತ್ತ ಬಂದರು. ಈಗ ಕೆಲಸಕ್ಕೇನೋ ಬರುತ್ತಾರೆ. ಆದರೆ ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ, ಗಾಡಿಯ ಬ್ರೇಕ್ ಕಿರ್ ಎಂದರೆ ಕೈಯಲ್ಲಿನ ಕತ್ತಿ ಜಾರುತ್ತದೆ.

ಅವರು ಬಂದ ದಿನವೇ ಉಲೋಮಾ ಫೋಟೋ ತೆಗೆದುಹಾಕಿದಳು. ಮಾರನೆಯ ದಿನ ಅದು ಪುಟದಲ್ಲಿ ಮತ್ತೆ ಇತ್ತು. ಇರೊಹಾ ಬೇರೆ ಯಾರಿಂದಲೋ ಹಾಕಿಸಿ, ಪಾಸ್‌ವರ್ಡನ್ನೂ ಬದಲಾಯಿಸಿದ್ದ.

"ಒಂದ್ಸಲ ಹಿಡಿದಾಯ್ತಲ್ಲ, ಮತ್ಯಾಕೆ ಬರ್ತಾರೆ?" ಅಂದ.

"ಹಾಗಾದ್ರೆ ನಿಮ್ಮದೇ ಹಾಕಿ, ಓಗಾ."

ಇರೊಹಾ ಎದ್ದು ಒಳಗೆ ಹೋದ. ಅವನ ಮುಖ ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಉಲೋಮಾ ದೇದೆಯ ಮುಂದೆ ಕೈಮುಗಿದು ನಿಂತಳು. "ನೀವಾದ್ರೂ ಹೇಳಿ, ದೇದೆ. ನಿಮ್ಮ ಮುಖ ಅದು."

"ಬಿಡು, ತಾಯಿ. ನನ್ನ ಸಲುವಾಗಿ ಅವ್ರ ಕಾರು ಹೋಯ್ತು. ಮುಖ ಇಟ್ಕೊಳ್ಳಲಿ," ಅಂದರು ದೇದೆ, ತೊಗಲಿನ ಮೇಲಿಂದ ಕಣ್ಣೆತ್ತದೆ.

ಆ ದಿನದಿಂದ ದೇದೆ ಕೆಲಸ ಮುಗಿಸುವ ಹೊತ್ತಿಗೆ ಉಲೋಮಾ ಬಂದು ನಿಲ್ಲುತ್ತಾಳೆ. ಬಸ್ ನಿಲ್ದಾಣದವರೆಗೂ ಅವರ ಜೊತೆ, ರಸ್ತೆಯ ಕಡೆಯ ಮಗ್ಗುಲಲ್ಲಿ ತಾನೇ ನಡೆಯುತ್ತಾಳೆ. ಹಾದುಹೋಗುವ ಪ್ರತಿ ಗಾಡಿಗೂ ಅವಳ ಹೆಗಲು ಸೆಟೆದುಕೊಳ್ಳುವುದು ನನ್ನ ಅಂಗಡಿಯಿಂದಲೇ ಕಾಣುತ್ತದೆ.

"ಅಲ್ಲ ಕಣೇ, ಅವ್ರು ಮತ್ತೆ ಬಂದ್ರೆ ನೀನೇನು ಮಾಡ್ತೀಯ?" ಅಂತ ಕೇಳಿದೆ. ಈ ಸಲ ರೇಗಿಸುವ ಮನಸ್ಸಿರಲಿಲ್ಲ.

"ಇವ್ರು ಧಣಿ ಅಲ್ಲ ಅಂತ ಕೂಗ್ತೀನಿ, ದಾ. ಒಳಗೆ ತಳ್ಳೋ ಮುಂಚೆ ಕೂಗಬೇಕು. ಒಂದ್ಸಲ ತಳ್ಳಿಬಿಟ್ರೆ ಆಮೇಲೆ ಆ ಮಾತು ಹೇಳೋ ಹಾಗಿಲ್ಲ."