ಕನ್ನಡಿಯಂಥ ನೀರು

ಕಾಪುವಿನಲ್ಲಿ ನಮ್ಮ ಬಾವಿಯ ನೀರು ಬೇಸಿಗೆ ಬಂತೆಂದರೆ ಉಪ್ಪಾಗುತ್ತದೆ. ಸಮುದ್ರ ಪಕ್ಕದಲ್ಲೇ ಉಂಟು, ಇನ್ನೆಂತ ಆಗಬೇಕು? ಸೊಸೆ ಆಗ ಬಸುರಿ. ದಿನಾ ಕೊಡ ಹೊತ್ತು ಹೆದ್ದಾರಿ ದಾಟಿ ಸಿಹಿನೀರು ತರುತ್ತಿದ್ದಳು. ಅವಳಿಗೆ ಆ ಕಷ್ಟ ತಪ್ಪಿಸುತ್ತೇನೆಂದು ಬಂದವನು ಈ ಬಾವಿ ಶುದ್ಧ ಮಾಡುವವನು.

ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಗಾಜಿನ ಲೋಟ. ಬಾವಿಗೆ ಪಟಿಕ ಹಾಕಿದ. ಮರಳು, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ನೀರು ಸೋಸಿದ. ಸೋಸಿದ ನೀರನ್ನು ಲೋಟದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಎತ್ತುವುದು ಅವನ ಕ್ರಮ.

"ಕನ್ನಡಿ ಅಮ್ಮ, ಕನ್ನಡಿ!"

ಅವನು ಒಂದು ಗುಟುಕಾದರೂ ಕುಡಿದದ್ದನ್ನು ನಾನು ನೋಡಲಿಲ್ಲ. ನಾನು ಕುಡಿದು ಉಗಿದೆ.

"ಕೆಸರು ಹೋಯಿತು ಮಾರಾಯ, ಉಪ್ಪು ಎಲ್ಲಿ ಹೋಗಿದೆ?"

"ನಿಮ್ಮದು ವಯಸ್ಸಾದ ನಾಲಿಗೆ ಅಮ್ಮ. ಉಪ್ಪು ಇದ್ದರೆ ಕಾಣಬೇಕಲ್ವಾ?"

ಸಾರಿಗೆ ಹಾಕಿದ ಉಪ್ಪನ್ನು ಜರಡಿಯಲ್ಲಿ ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ. ಇವನು ಲೋಟ ಹಿಡಿದುಕೊಂಡು ಹುಟ್ಟಿದ್ದಾನೆ. ಮಧ್ಯಾಹ್ನ ಅವನು ಸೋಸಿದ ನೀರಿನಲ್ಲೇ ಗಂಜಿ ಬೇಯಿಸಿ, ಅವನನ್ನು ಕೂರಿಸಿ ಬಡಿಸಿದೆ. ಹಸಿದಿದ್ದ. ಎರಡು ಗುಟುಕು ಕುಡಿದವನು ಮುಖ ಹಿಂಡಿಕೊಂಡ.

"ಗಂಜಿಗೆ ಉಪ್ಪು ಜಾಸ್ತಿಯಾಯಿತಲ್ಲ ಅಮ್ಮ."

"ನಾನು ಹಾಕಲೇ ಇಲ್ಲ. ಅದು ನಿನ್ನ ಕನ್ನಡಿಯದ್ದು."

ಅವನು ಬಟ್ಟಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದ. ಸೊಸೆ ಕೊಡ ತೆಗೆದುಕೊಂಡು ಹೆದ್ದಾರಿಯ ಕಡೆ ಹೊರಟಳು.