ವಿಭೂತಿ ಹಚ್ಚದ ಎರಡು ಕ್ಯಾಸೆಟ್ಟು

ಅವತ್ತು ಸಂಜೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ನಮ್ಮ ಯಜಮಾನರು ಷಡಕ್ಷರಪ್ಪನವರು ಹಜಾರದಲ್ಲಿ ಟೇಪ್‌ರೆಕಾರ್ಡರ್ ಮುಂದೆ ಕೂತು ಬೆರಳು ಮಡಚಿ ತಾಳ ಎಣಿಸುತ್ತಿದ್ದರು. ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ಭದ್ರಾವತಿಯ ಒಂದು ಹೆಣ್ಣುಮಕ್ಕಳ ಸ್ಕೂಲಿಗೆ ಡ್ಯಾನ್ಸ್ ಮ್ಯೂಸಿಕ್ ಆರಿಸಬೇಕಿತ್ತು. ಎರಡು ಸಾವಿರದ ಒಂದನೇ ಇಸವಿ, ಜನವರಿ. ಸ್ಕೂಲ್ ಡೇಗಳ ಕಾಲ.

ಗಾಂಧಿ ಬಜಾರಿನಲ್ಲಿ ಇವರದ್ದು ಕ್ಯಾಸೆಟ್ ಅಂಗಡಿ. ಆಗ ಮಕ್ಕಳಿಗೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ಢಬ್ ಢಬ್ ಮ್ಯೂಸಿಕ್ಕೇ ಬೇಕು. ಟೆಕ್ನೋ ಅನ್ನೋರು. ಇವರಿಗೆ ಇಂಗ್ಲಿಷ್ ಬಾರದು. ಒಂದು ವರ್ಷ ಆಲ್ಕೊಳದ ಕಡೆ ಒಂದು ಸ್ಕೂಲಿನಲ್ಲಿ ಇವರು ಕೊಟ್ಟ ಕ್ಯಾಸೆಟ್ಟಿನ ನಡುವೆ ಹೊಲಸು ಮಾತು ಬಂತು. ಇಂಗ್ಲಿಷ್ ಬಲ್ಲವರು ಮಕ್ಕಳನ್ನ ಕರಕೊಂಡು ಎದ್ದು ಹೋದರು. ಇವರು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಪ್ರತಿ ಕ್ಯಾಸೆಟ್ಟನ್ನೂ ಕೊನೆವರೆಗೂ ಕೇಳೋರು. ಮಾತಿದ್ದರೆ ಬೇಡ. ಏದುಸಿರಿನ ಸದ್ದಿದ್ದರೂ ಬೇಡ. ಮಕ್ಕಳ ಹೆಜ್ಜೆ ತಪ್ಪೋ ಹಾಗಿದ್ದರೂ ಬೇಡ. ಸರಿ ಅನಿಸಿದ್ದಕ್ಕೆ ಬೆಳಿಗ್ಗೆ ಪೂಜೆ ಮುಗಿಸಿ ಮೂರು ಬೆರಳಲ್ಲಿ ವಿಭೂತಿ ಎಳೆಯೋರು. ವಿಭೂತಿ ಇದ್ದದ್ದು ಮಾತ್ರ ಸ್ಕೂಲಿಗೆ.

ಅವತ್ತು ಎರಡು ಕ್ಯಾಸೆಟ್ಟು ಕೇಳಿದರು. ಎರಡೂ ಅಕ್ಕಿ ಗಿರಣಿ ಸದ್ದೇ, ಇದರಲ್ಲಿ ಆರಿಸೋದೇನು ಅಂದೆ.

"ಗಿರಣಿಗೂ ಗಿರಣಿಗೂ ವ್ಯತ್ಯಾಸ ಇದೆ ಮಾರಾಯ್ತಿ. ಒಂದು ಮಕ್ಕಳಿಗೆ ಆಗುತ್ತೆ, ಒಂದು ಆಗಲ್ಲ."

ಯಾವುದು ಅಂತ ಕೇಳಿದೆ.

"ಬೆಳಿಗ್ಗೆ ವಿಭೂತಿ ಹಚ್ತೀನಲ್ಲ, ನೋಡ್ಕೊ."

ಒಲೆ ಮೇಲೆ ರೊಟ್ಟಿ ಸೀಯುತ್ತಿತ್ತು. ಒಳಗೆ ಹೋದೆ.

ಬೆಳಿಗ್ಗೆ ಸ್ನಾನಕ್ಕೆ ಅಂತ ಬಚ್ಚಲಿಗೆ ಹೋದವರು ಬರಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು ಡಾಕ್ಟರು. ಐವತ್ತೆರಡು ವಯಸ್ಸು.

ಐದನೇ ದಿನ ಆ ಸ್ಕೂಲಿನ ಜಯಶೀಲಾ ಟೀಚರ್ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಹುಡುಕಿಕೊಂಡು ಬಂದರು. ಮೊದಲು ಅತ್ತರು. ಆಮೇಲೆ ಅಳುಕುತ್ತಾ ಕ್ಯಾಸೆಟ್ ಕೇಳಿದರು. ಸ್ಕೂಲ್ ಡೇಗೆ ಎರಡೇ ದಿನ. ಹನ್ನೆರಡು ಹುಡುಗಿಯರು ಚಪ್ಪಾಳೆ ಲೆಕ್ಕದಲ್ಲೇ ಹೆಜ್ಜೆ ಕಲಿತು ಕಾಯುತ್ತಿದ್ದಾರೆ, ಬೆಳ್ಳಿ ಬಣ್ಣದ ಜಾಕೀಟು ಹೊಲಿಸಿಯಾಗಿದೆ. ಆದರೆ ಷಡಕ್ಷರಪ್ಪನವರ ವಿಭೂತಿ ಇಲ್ಲದ ಕ್ಯಾಸೆಟ್ಟು ಹಾಕಬಾರದು ಅಂತ ಹೆಡ್‌ಮಿಸ್ ಕಟ್ಟುನಿಟ್ಟು ಮಾಡಿದ್ದಾರಂತೆ. ವಿಭೂತಿ ಇದ್ದ ಹಳೇ ಕ್ಯಾಸೆಟ್ಟು ಯಾವುದೂ ಆ ಹೆಜ್ಜೆಗೆ ಹೊಂದಲಿಲ್ಲ.

ಇಬ್ಬರೂ ಕೂತು ಅವರು ಕೊನೇ ಸಂಜೆ ಕೇಳಿದ್ದ ಆ ಎರಡನ್ನೂ ಪೂರ್ತಿ ಕೇಳಿದೆವು. ಮಾತಿಲ್ಲ. ಉಸಿರಿಲ್ಲ. ನಾನೂ ಅವರ ಹಾಗೆ ಬೆರಳು ಮಡಚಿದೆ. ಎರಡರಲ್ಲೂ ನಡುವೆ ನನ್ನ ಲೆಕ್ಕ ತಪ್ಪಿತು. ತಪ್ಪಿದ್ದು ಮ್ಯೂಸಿಕ್ಕೊ, ನಾನೊ, ಗೊತ್ತಾಗಲಿಲ್ಲ. ಟೀಚರಿಗೂ ಎರಡೂ ಒಂದೇ ಥರ ಕೇಳಿಸಿತು.

"ಅಮ್ಮಾ, ನೀವೇ ಒಂದಕ್ಕೆ ಹಚ್ಚಿಬಿಡಿ. ಯಾರಿಗೂ ಗೊತ್ತಾಗಲ್ಲ," ಅಂದರು ಮೆತ್ತಗೆ.

ವಿಭೂತಿ ತೇದೆ. ಬೆರಳು ಕ್ಯಾಸೆಟ್ಟಿನವರೆಗೂ ಹೋಯಿತು. ಇದೊ, ಅದೊ. ಹಚ್ಚೋದು ನಾನು, ಹೆಸರು ಅವರದು. ವಿಭೂತಿ ಬೆರಳಲ್ಲೇ ಒಣಗಿತು.

"ನಂಗೆ ಗೊತ್ತಿಲ್ಲಮ್ಮ. ಅವರಿಗೆ ಗೊತ್ತಿತ್ತು," ಅಂದೆ.

ಟೀಚರ್ ಬರಿಗೈಯಲ್ಲಿ ಭದ್ರಾವತಿ ಬಸ್ಸು ಹತ್ತಿದರು. ಆ ವರ್ಷ ಆ ಡ್ಯಾನ್ಸ್ ಇರಲಿಲ್ಲ. ಹುಡುಗಿಯರು ಜಾಕೀಟು ಹಾಕಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ.

ಅಂಗಡಿ ಈಗಿಲ್ಲ. ಕ್ಯಾಸೆಟ್ಟುಗಳು ಮನೆಯ ಗೂಡಿನಲ್ಲಿವೆ. ದಿನಾ ಬೆಳಿಗ್ಗೆ ಒಂದೊಂದಾಗಿ ತೆಗೆದು ಧೂಳು ಒರೆಸುತ್ತೇನೆ. ವಿಭೂತಿ ಇರುವಲ್ಲಿ ಬಟ್ಟೆ ತಾಗಿಸೋದಿಲ್ಲ, ಸುತ್ತ ಒರೆಸುತ್ತೇನೆ. ಆ ಎರಡನ್ನು ಪೂರ್ತಿ ಒರೆಸಿ ಇಡುತ್ತೇನೆ.